ಮೊದಲ ಸಾಲು ಕೆಳಗಿರುತ್ತದೆ

ಗೇಮ್ ಮಾಡುವುದನ್ನು ಕಲಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಆಂಟಿ, ಯಾವ ಲ್ಯಾಪ್‌ಟಾಪ್ ತಗೊಳ್ಲಿ?" ಕೇಳಿದ ಕೂಡಲೇ ನನಗೆ ಪಿತ್ತ ನೆತ್ತಿಗೇರುತ್ತದೆ. ಅಂಗಡಿಯವನನ್ನು ಕೇಳಬೇಕಾದ್ದನ್ನು ನನ್ನನ್ನು ಯಾಕೆ ಕೇಳುತ್ತೀರಿ? ನೀವು ಕೇಳಬೇಕಾದ್ದು ಬೇರೆ. ಯಾವ ಗೇಮ್ ಎಂಜಿನ್ ಹಿಡಿಯಲಿ, ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ಬಿಡುತ್ತಾರಾ, ನನ್ನ ಕೈಗೆ ಒಗ್ಗದ್ದನ್ನು ಬದಲಾಯಿಸಿಕೊಳ್ಳಬಹುದಾ? ಇದಕ್ಕೆ ನನ್ನಲ್ಲಿ ಉತ್ತರವಿದೆ. ಅದನ್ನು ಹೇಳಲು ಶುರು ಮಾಡಿದರೆ ಈ ವಯಸ್ಸಿನಲ್ಲೂ ಕೂತಲ್ಲಿ ಕೂರಲಾಗುವುದಿಲ್ಲ, ಕೈಕಾಲು ಕುಣಿಯುತ್ತವೆ. ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದಿಟ್ಟುಬಿಡೋಣ ಎನಿಸಿತು.

ನಾನು ಓಬಳಮ್ಮ. ಚಳ್ಳಕೆರೆ ಪಕ್ಕದ ಹಳ್ಳಿಯ ಕೂಲಿಯವರ ಮನೆಯ ಹುಡುಗಿ. ಮದುವೆಯಾಗಿ ಮೊಳಕಾಲ್ಮೂರಿಗೆ ಹೋದವಳು ಅಲ್ಲಿ ರೇಷ್ಮೆ ಸೀರೆಗೆ ಗ್ರಾಫ್ ಬರೆಯುವುದನ್ನು ಕಲಿತೆ. ಚೌಕಳಿ ಹಾಳೆಯಲ್ಲಿ ಒಂದೊಂದು ಚೌಕವೂ ಒಂದೊಂದು ಎಳೆ. ಕೆಂಪು ತುಂಬಿದ ಚೌಕವಿದ್ದಲ್ಲಿ ಎಳೆ ಮೇಲೇಳಬೇಕು, ಖಾಲಿ ಇದ್ದಲ್ಲಿ ಕೆಳಗಿರಬೇಕು. ಹಾಳೆಯ ಒಂದು ಅಡ್ಡ ಸಾಲೆಂದರೆ ಲಾಳಿಯ ಒಂದು ಓಟ. ಮೊದಲ ಸಾಲು ಯಾವಾಗಲೂ ಹಾಳೆಯ ತಳದಲ್ಲಿರುತ್ತದೆ, ಯಾಕೆಂದರೆ ಬಟ್ಟೆಯು ನೇಯುವವಳ ಮಡಿಲ ಬಳಿ ಶುರುವಾಗಿ ಆಚೆಗೆ ಬೆಳೆಯುತ್ತದೆ. ಗ್ರಾಫನ್ನು ಮೇಲಿನಿಂದ ಓದುವವರನ್ನು ನಾನು ಕಂಡೇ ಇರಲಿಲ್ಲ. ಹಾಗೆ ಓದಬಹುದು ಎಂಬ ಯೋಚನೆಯೂ ಬಂದಿರಲಿಲ್ಲ.

ಆಮೇಲೆ ಚಳ್ಳಕೆರೆಗೆ ಬಂದು ನೆಲೆಸಿ ಮಸ್ತಾನ್ ಸಾಬ್ರ ಅಂಗಡಿ ಸೇರಿದೆ. ನನ್ನ ಇಡೀ ವೃತ್ತಿಯಲ್ಲಿ ನನಗಿದ್ದ ಒಬ್ಬರೇ ಯಜಮಾನರು ಅವರು. ಮೊಳಕಾಲ್ಮೂರಿನ ನೇಕಾರರಿಗೆ ಸೀರೆ ಡಿಸೈನು ಮಾಡಿ ಕೊಡುವುದು ಅವರ ವ್ಯಾಪಾರ. ಮನುಷ್ಯ ಒಳ್ಳೆಯವರು, ಆದರೆ ಮೈಯೆಲ್ಲ ಅನುಮಾನ. ನಮ್ಮ ಕಸುಬಿನಲ್ಲಿ ಅದು ಸಹಜವೂ ಹೌದು. ನೀವು ತಲೆ ಕೆರೆದುಕೊಂಡು ಹೊಸ ನವಿಲು ಬರೆದರೆ, ಆ ಗ್ರಾಫ್ ಇನ್ನೊಬ್ಬರ ಕಣ್ಣಿಗೆ ಬಿದ್ದ ವಾರದಲ್ಲಿ ಅದೇ ನವಿಲು ಪಕ್ಕದ ಬೀದಿಯ ಮಗ್ಗದಲ್ಲಿ ಗರಿ ಬಿಚ್ಚಿರುತ್ತದೆ. ಹಾಗಾಗಿ ಬರೆದ ಗ್ರಾಫನ್ನು ಸುತ್ತಿ ಬೀರುವಿಗೆ ಹಾಕುವುದು ನಮ್ಮಲ್ಲಿ ಹಲ್ಲುಜ್ಜಿದಷ್ಟೇ ಸಹಜವಾದ ಅಭ್ಯಾಸ. "ಗಂಡಂಗೂ ತೋರಿಸಬ್ಯಾಡ ಓಬಳಮ್ಮಾ" ಎನ್ನುತ್ತಿದ್ದರು ಸಾಬ್ರು. ನನ್ನ ಗಂಡನಿಗೆ ನವಿಲಿಗೂ ಕೋಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಆ ಮಾತು ಬೇರೆ.

ಕಂಪ್ಯೂಟರ್ ಕಾಲ ಬಂತು. ಸಾಬ್ರು ಸೀರೆ ಡಿಸೈನಿನ ಸಾಫ್ಟ್‌ವೇರ್ ತರಿಸಿದರು. ಅದರ ಜೊತೆಗೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ತುಂಡು ಬಂತು. ಅದಕ್ಕೆ ಲಾಕ್ ಎಂದು ಹೆಸರು. ಕಂಪ್ಯೂಟರಿನ ಹಿಂದೆ ಅದನ್ನು ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಬಾಯಿ ಬಿಡುತ್ತಿತ್ತು. ನಾವೂ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆವು. ಒಂದು ಬೇಸಿಗೆಯಲ್ಲಿ ಕರೆಂಟು ಏರುಪೇರಾಗಿ ಲಾಕ್ ಸುಟ್ಟುಹೋಯಿತು. ಮಾರಿದವರಿಗೆ ಫೋನು ಮಾಡಿದರೆ, ಆ ಸಾಫ್ಟ್‌ವೇರನ್ನು ನಿಲ್ಲಿಸಿದ್ದೇವೆ, ಹೊಸದು ಕೊಳ್ಳಿ, ಹಳೆಯ ಫೈಲು ಹೊಸದರಲ್ಲಿ ತೆರೆಯುತ್ತದೆ ಎಂದು ಹೇಳಲಾಗದು ಎಂದರು. ನನ್ನ ಕೈಯಾರೆ ಬರೆದ ಅಂಚು, ಸೆರಗು, ಬುಟ್ಟಾಗಳೆಲ್ಲ ಪೆಟ್ಟಿಗೆಯೊಳಗೇ ಕೂತವು. ಸಾಬ್ರು ಹಣೆ ಹಿಡಿದುಕೊಂಡು, "ನೋಡು ಓಬಳಮ್ಮಾ, ನನ್ನ ಮನೀ ಬಾಗಲಾಗೆ ನಾನೇ ಬಿಕಾರಿ ಥರಾ ನಿಂತೀನಿ" ಎಂದರು. ನಾನಂತೂ ಅತ್ತೇಬಿಟ್ಟೆ, ದುಃಖಕ್ಕಿಂತ ಸಿಟ್ಟಿಗೆ.

ಆ ಲಾಕ್ ರಿಪೇರಿ ಮಾಡಲು ಬಂದವನೇ ಪಾಲಯ್ಯ. ನಾಯಕನಹಟ್ಟಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಕುರಿ ಸಾಕುವವರ ಮನೆಯವನು. ಲಾಕನ್ನು ತಿರುಗಿಸಿ ನೋಡಿ, ಮೂಸಿ, "ಇದು ಬದುಕಲ್ಲ ಸಾಬ್ರೇ" ಎಂದ. ಅಷ್ಟಕ್ಕೇ ಹೋಗಿದ್ದರೆ ನನ್ನ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ನನ್ನ ಗ್ರಾಫ್ ಹಾಳೆಗಳನ್ನೇ ನೋಡುತ್ತಾ ನಿಂತ. "ಅಕ್ಕಾ, ಚೌಕ ಚೌಕ ಬರೀತೀರಲ್ಲಾ, ಇದೇ ಕೈಯಾಗೆ ಗೇಮ್ ಯಾಕ್ ಮಾಡಬಾರ್ದು?" ಎಂದವನೇ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನಮ್ಮ ಹಳೆಯ ಕಂಪ್ಯೂಟರಿಗೆ ಚುಚ್ಚಿದ.

ಮಕ್ಕಳೇ, ಆ ಮಧ್ಯಾಹ್ನವನ್ನು ನಾನು ಹೇಗೆ ಹೇಳಲಿ! ಗೇಮ್ ಎಂಜಿನ್ ಎಂದರೆ ಆಟ ಮಾಡಲು ಬೇಕಾದ ಸಾಫ್ಟ್‌ವೇರ್. ಚಿತ್ರ ಓಡಿಸುವುದು, ಸದ್ದು ನುಡಿಸುವುದು, ಬಿದ್ದದ್ದು ನೆಲಕ್ಕೆ ತಾಗಿ ನಿಲ್ಲುವಂತೆ ನೋಡಿಕೊಳ್ಳುವುದು, ಇಂಥ ಕೂಲಿಯನ್ನೆಲ್ಲ ಅದು ಮಾಡುತ್ತದೆ. ಕಥೆ, ಚಿತ್ರ, ನಿಯಮ ನಮ್ಮವು. ಅಂಥ ಇಡೀ ಎಂಜಿನ್ ಆ ಪೆನ್‌ಡ್ರೈವಿನಲ್ಲಿತ್ತು. ಇನ್‌ಸ್ಟಾಲ್ ಎಂದು ಕೇಳಲಿಲ್ಲ, ಇಂಟರ್‌ನೆಟ್ ಎಲ್ಲಿ ಎನ್ನಲಿಲ್ಲ, ನೀನು ಯಾರು ಎಂದು ವಿಚಾರಿಸಲಿಲ್ಲ. ಒತ್ತಿದ ತಕ್ಷಣ ತೆರೆದುಕೊಂಡಿತು. ನಾನು ಒಂದು ಚೌಕ ಬರೆದೆ, ಪಾಲಯ್ಯ ಏನೋ ನಾಲ್ಕು ಸಾಲು ಟೈಪು ಮಾಡಿದ, ಚೌಕ ಪರದೆಯ ಮೇಲೆ ಜಿಗಿಯಿತು. ನಾನು ಕುರ್ಚಿಯಿಂದ ಜಿಗಿದೆ. ಅಷ್ಟು ವರ್ಷ ನಾನು ಬರೆದ ಹಕ್ಕಿಗಳೆಲ್ಲ ರೇಷ್ಮೆಯಲ್ಲಿ ಕೂತೇ ಇದ್ದವು, ಒಂದೂ ರೆಕ್ಕೆ ಬಡಿದಿರಲಿಲ್ಲ.

ಸಾಬ್ರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಮುಫ್ತ್ ಅಂದ್ರೆ ಏನೋ ಮಸಲತ್ತು ಐತೆ. ನಾಳೆ ಗೇಮ್ ಚೆಂದಾಗಿ ನಡೆದ್ರೆ ಬಂದು ಕುತ್ತಿಗೆ ಹಿಡೀತಾರೆ" ಎಂದರು. ಪಾಲಯ್ಯ ಅದರ ಲೈಸೆನ್ಸನ್ನು ಓದಿ ಹೇಳಿದ. ಇಡೀ ಲೈಸೆನ್ಸು ಒಂದು ಲಗ್ನಪತ್ರಿಕೆಯಷ್ಟು ಉದ್ದವೂ ಇರಲಿಲ್ಲ. ಬಳಸಿ, ಬದಲಾಯಿಸಿ, ಹಂಚಿ, ಮಾಡಿದ ಆಟ ಮಾರಿಕೊಳ್ಳಿ, ಪಾಲು ಕೇಳುವುದಿಲ್ಲ. ಇದನ್ನು ಬರೆದವರು ಯಾರೆಂಬ ಒಕ್ಕಣೆ ಮಾತ್ರ ಅಳಿಸಬೇಡಿ. ಕೆಟ್ಟರೆ ನಮ್ಮನ್ನು ಬೈಯಬೇಡಿ. ಅಷ್ಟೇ. ಸಾಬ್ರು ಎರಡು ಸಲ ಓದಿಸಿದರು. ಆಮೇಲೆ ಅಂಗಡಿಯ ಮೂಲೆಯಲ್ಲಿ ನನಗೂ ಪಾಲಯ್ಯನಿಗೂ ಒಂದು ಟೇಬಲ್ಲು ಹಾಕಿಸಿದರು. "ನಡೀದಿದ್ರೆ ಎತ್ತಿಬಿಡ್ತೀನಿ, ಆಮ್ಯಾಲೆ ಅಳಂಗಿಲ್ಲ" ಎಂಬ ಮಾತೂ ಅದರ ಜೊತೆಗೇ ಬಂತು. ಸೀರೆ ಗ್ರಾಫಿನ ಕೆಲಸ ಆಗಲೇ ಕೈಬಿಡುತ್ತಿತ್ತು. ಆ ಟೇಬಲ್ಲು ಎತ್ತಿದರೆ ನಾನೂ ಮನೆಗೆ ಹೋಗಬೇಕು ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಮ್ಮ ಮೊದಲ ಆಟ ಮಕ್ಕಳಿಗೆ ಕುರಿ ಮೇಯಿಸುವುದು. ಪಾಲಯ್ಯನ ಮನೆಯ ಕುರಿಗಳನ್ನೇ ನೋಡಿ ಬರೆದೆ, ಕರಿ ಕುರಿ, ಒಂದು ಕುಂಟು ಟಗರೂ ಇತ್ತು. ಎಂದಿನಂತೆ ತಳದಿಂದ ಶುರು ಮಾಡಿದೆ. ಮೊದಲ ಸಾಲು ಹುಲ್ಲು, ಅದರ ಮೇಲೆ ಕಾಲು, ಅದರ ಮೇಲೆ ಹೊಟ್ಟೆ. ಸಾಲು ಸಾಲಾಗಿ ಓದಿ ಹೇಳಿದೆ, ಅವನು ಹಾಗೆಯೇ ತುಂಬಿದ. ಆಟವನ್ನು ಓಡಿಸಿದರೆ ಹುಲ್ಲು ಆಕಾಶಕ್ಕೆ ಅಂಟಿದೆ, ಕುರಿಗಳು ನಾಲ್ಕೂ ಕಾಲು ಮೇಲೆತ್ತಿ ನೇತಾಡುತ್ತಿವೆ, ಕುಂಟು ಟಗರು ತಲೆಕೆಳಗಾಗಿ ನಮ್ಮನ್ನೇ ಗುರಾಯಿಸುತ್ತಿದೆ. ಅದೇ ದಿನ ಸಂತೆಗೆಂದು ಬಂದಿದ್ದ ಪಾಲಯ್ಯನ ಅವ್ವ ಇಣುಕಿ ನೋಡಿ, "ಕುರಿ ಯಾಕ್ಲಾ ಬಾವಲಿ ಆಗ್ಯಾವೆ?" ಎಂದು ಕೇಳಿದರು.

ತಪ್ಪು ಯಾರದು ಎಂದು ಇಬ್ಬರೂ ಜಗಳಾಡಿದೆವು. ಕೊನೆಗೆ ತಿಳಿಯಿತು. ಕಂಪ್ಯೂಟರಿನವರು ಸಾಲನ್ನು ಮೇಲಿನಿಂದ ಎಣಿಸುತ್ತಾರೆ! ಪರದೆಯ ತಲೆಯಲ್ಲಿ ಸೊನ್ನೆ, ಕೆಳಕ್ಕಿಳಿದಂತೆ ಅಂಕಿ ಏರುತ್ತದೆ. ಸೊನ್ನೆಗಿಂತ ಮೇಲಕ್ಕೆ ಹೋದರೆ ಮೈನಸ್ಸು. ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಂದಿನಿಂದ ನಮ್ಮ ಟೇಬಲ್ಲಿನಲ್ಲಿ ದಿನಾ ಇದೇ ರಾಮಾಯಣ. ನಾನು "ಹತ್ತನೇ ಸಾಲಿನಾಗೆ ತಪ್ಪೈತೆ ನೋಡೋ" ಎಂದರೆ ಅವನು ಮೇಲಿನಿಂದ ಹತ್ತು ಎಣಿಸಿ ಸರಿಯಿದ್ದದ್ದನ್ನು ಕೆಡಿಸಿ ಇಡುತ್ತಿದ್ದ.

ಬೇರೆ ಎಂಜಿನ್ ಆಗಿದ್ದರೆ ನಾನೇ ಕೈ ತಿರುಚಿಕೊಂಡು ಅದರ ದಾರಿಗೆ ಬರಬೇಕಿತ್ತು. ಬರುತ್ತಿದ್ದೆನೋ ಇಲ್ಲವೋ. ಒಂದು ದಿನ ಪಾಲಯ್ಯ, "ಅಕ್ಕಾ, ಇದರ ಒಳಗಿನ ಬರವಣಿಗೆ ಎಲ್ಲಾ ಬಿಚ್ಚಿಟ್ಟವ್ರೆ. ಎಣಿಸೋ ಜಾಗ ಎಲ್ಲೈತೆ ಹುಡುಕ್ತೀನಿ ಇರು" ಎಂದ. ಸಾಫ್ಟ್‌ವೇರಿನ ಒಳಗನ್ನು ಯಾರಾದರೂ ಬಿಚ್ಚಿಡುತ್ತಾರೆಯೇ? ನಾವು ಗ್ರಾಫನ್ನು ಬೀರುವಿನಲ್ಲಿ ಇಡುವವರು! ಆದರೆ ಬಿಚ್ಚಿಟ್ಟಿದ್ದರು, ಪ್ರತಿ ಸಾಲನ್ನೂ. ಅವನು ಹುಡುಕಿದ, ತಿದ್ದಿದ, ನಮ್ಮದೇ ಎಂಜಿನ್ ಕಟ್ಟಿದ. ಅದರಲ್ಲಿ ಮೊದಲ ಸಾಲು ತಳದಲ್ಲಿತ್ತು. ನಾನು ಓದಿದ್ದನ್ನು ಅವನು ತುಂಬಿದ, ಕುರಿಗಳು ನೆಲಕ್ಕಿಳಿದು ಮೇದವು. ಸಾಧನ ನನ್ನ ಕೈಗೆ ತಕ್ಕಂತೆ ಬಾಗಿದ್ದು ಅದೇ ಮೊದಲು. ಆ ಸಂತೋಷಕ್ಕೆ ನಾನು ಇಡೀ ಅಂಗಡಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿದೆ.

ಆಗ ಹುಟ್ಟಿದ್ದೇ 'ಲಾಳಿ' ಆಟ. ಆಡುವವರು ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಿಸಬೇಕು. ಒಂದು ಓಟಕ್ಕೆ ಒಂದು ಸಾಲಿನ ನೇಯ್ಗೆ ಮುಗಿಯುತ್ತದೆ. ಆ ಸಾಲೇ ನೆಲವಾಗುತ್ತದೆ. ಹಾಗೆ ಜಟಿಂಗ ರಾಮೇಶ್ವರದ ಬೆಟ್ಟವನ್ನು ಬುಡದಿಂದ ನೇಯುತ್ತಾ, ನೇಯ್ದ ಬಂಡೆಯ ಮೇಲೇ ಹತ್ತುತ್ತಾ ಹೋಗಬೇಕು. ಎಳೆ ತಪ್ಪಿದರೆ ಬಂಡೆಯಲ್ಲಿ ಬಿರುಕು, ಕಾಲಿಟ್ಟರೆ ಜಾರುತ್ತೀರಿ. ಬೆಟ್ಟ ಎಷ್ಟು ಎತ್ತರ ಎಂಬುದು ನೇಯುವವರ ಕೈಯಲ್ಲಿದೆ. ಸದ್ದಿಗೆಂದು ಮೊಳಕಾಲ್ಮೂರಿನ ಲಕ್ಷ್ಮೀದೇವಮ್ಮನ ಮನೆಗೆ ಹೋದೆವು. ನನಗೆ ಗ್ರಾಫ್ ಓದಲು ಕಲಿಸಿದ ನೇಕಾರಳು ಆಕೆ, ಮನೆಮಾತು ತೆಲುಗು. ಮಗ್ಗದ ಸದ್ದನ್ನು ಮೊಬೈಲಿಗೆ ಹಿಡಿದುಕೊಂಡು ಆಟದಲ್ಲಿ ಕೇಳಿಸಿದಾಗ, "ಅಯ್ಯೋ, ಇದಿ ಮನ ಮಗ್ಗಮೇ ಕದಾ! ನನ್ನ ಮಗ್ಗ ಕಣೇ ಓಬಳೂ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಟ ಮುಗಿಯುವ ಮೊದಲೇ ನಮ್ಮ ಟೇಬಲ್ಲಿಗೆ ಹೆಸರು ಬಂತು. ಶಾಲೆಯವರು ಬಂದು ನೋಡಿ, ಮುಗಿದ ಕೂಡಲೇ ನಮಗೆ ಕೊಡಿ ಎಂದು ಹೇಳಿ ಹೋದರು.

ಒಂದೇ ತೊಡಕು ಕನ್ನಡ. ಆಗಿನ ಎಂಜಿನ್‌ನಲ್ಲಿ ಒತ್ತಕ್ಷರ ಬಿಡಿ ಬಿಡಿಯಾಗಿ ಬೀಳುತ್ತಿತ್ತು. ಲಕ್ಷ್ಮೀದೇವಮ್ಮ ಹೇಳಿದ ಬೆಟ್ಟದ ಕಥೆಯೊಂದನ್ನೂ ಆಟಕ್ಕೆ ಸೇರಿಸಿದ್ದೆವು, ಅದನ್ನು ಪರದೆಯ ಮೇಲೆ ಹಾಕಿದರೆ ಓದಲಾಗುತ್ತಿರಲಿಲ್ಲ. ಅಕ್ಷರಗಳನ್ನು ನಾನೇ ಚಿತ್ರವಾಗಿ ಬರೆದುಕೊಟ್ಟು ಕೆಲಸ ಸಾಗಿಸುತ್ತಿದ್ದೆ. ಒಂದು ಪದ ಬದಲಾದರೆ ಇಡೀ ದಿನದ ಕೆಲಸ. ಅಷ್ಟರಲ್ಲಿ ಎಂಜಿನ್ನಿನ ಹೊಸ ಆವೃತ್ತಿ ಬಂತು. ತಂತಮ್ಮ ಲಿಪಿಗಾಗಿ ಯಾವ ಯಾವುದೋ ದೇಶದವರು ದುಡಿದು ಅಕ್ಷರ ಜೋಡಿಸುವುದನ್ನು ಸರಿಮಾಡಿದ್ದರು, ಅದರಲ್ಲಿ ಕನ್ನಡವೂ ಸರಿಯಾಗಿತ್ತು! ಯಾರೂ ನಮಗಾಗಿ ಮಾಡಿದ್ದಲ್ಲ, ಆದರೂ ನಮಗೆ ಬಂತು. ಪಾಲಯ್ಯ 'ಚಳ್ಳಕೆರೆ' ಎಂದು ಟೈಪು ಮಾಡಿದ. ಒತ್ತು ಜಾಗದಲ್ಲೇ ಕೂತಿತು. ಇಬ್ಬರೂ ಚಪ್ಪಾಳೆ ಹೊಡೆದೆವು.

ಚಪ್ಪಾಳೆ ಬೇಗ ಆಯಿತು. ನಾವು ತಿದ್ದಿಕೊಂಡಿದ್ದು ಹಳೆಯ ಎಂಜಿನ್ನು. ಹೊಸದರಲ್ಲಿ ಒಳಗಿನ ಮನೆಯನ್ನೇ ಕೆಡವಿ ಕಟ್ಟಿದ್ದರು. ಪಾಲಯ್ಯ ನಮ್ಮ ತಿದ್ದುಪಡಿಯನ್ನು ಅದಕ್ಕೆ ತುರುಕಿದಾಗ ಬೆಟ್ಟ ಪುಡಿಪುಡಿಯಾಯಿತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಕಷ್ಟಪಟ್ಟು ನಿಲ್ಲಿಸಿದೆವು, ಅಷ್ಟರಲ್ಲಿ ಅದಕ್ಕಿಂತ ಹೊಸದು ಬಂತು, ಮತ್ತೆ ಕುಸಿಯಿತು. ಹಳೆಯದಕ್ಕೇ ಅಂಟಿಕೊಂಡರೆ ಕನ್ನಡವಿಲ್ಲ, ಹೊಸದಕ್ಕೆ ಹೋದರೆ ಬೆಟ್ಟವಿಲ್ಲ. ಶಾಲೆಯವರು ಕೇಳುತ್ತಲೇ ಇದ್ದರು. ಸಾಬ್ರು ಬಂದು ಟೇಬಲ್ಲಿನ ಅಂಚು ಹಿಡಿದು ನಿಂತರು.

"ಓಬಳಮ್ಮಾ, ನಿಮ್ಮಿಬ್ರ ಮ್ಯಾಲೆ ನಂಗೆ ಸಿಟ್ಟಿಲ್ಲ. ಆದ್ರೆ ಹೊಸದು ಬಂದಾಗೆಲ್ಲಾ ಹಿಂಗೆ ಮನೆ ಬಿದ್ರೆ ಎಷ್ಟ್ ದಿನ ಎತ್ತಿ ನಿಲ್ಲಿಸ್ತೀರಿ? ಮುಂದಿನದು ಬರೋ ಹೊತ್ತಿಗೆ ನೆಟ್ಟಗೆ ನಿಲ್ದಿದ್ರೆ ಬಸ್, ಈ ಟೇಬಲ್ಲಿಗೆ ಲಗ್ನಪತ್ರಿಕೆ ಪ್ರಿಂಟರ್ ಹಾಕ್ತೀನಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಉರಿಯಿತು.

ಅವರು ಹೋದ ಮೇಲೆ ಪಾಲಯ್ಯ ಮೆಲ್ಲಗೆ ಹೇಳಿದ: "ಒಂದೇ ದಾರಿ ಐತೆ ಅಕ್ಕಾ. ನಾವ್ ತಿದ್ದಿದ್ದನ್ನ ಎಂಜಿನ್ ಮಾಡೋರಿಗೇ ಕಳಿಸೋಣ. ಅವ್ರು ಒಪ್ಪಿ ಸೇರಿಸ್ಕಂಡ್ರೆ ಮುಂದಿನ ಎಲ್ಲಾ ಆವೃತ್ತಿನಾಗೂ ಅದು ಇರ್ತೈತೆ. ನಾವು ತುರುಕಾ ಕೆಲಸ ಇರಲ್ಲ."

ಇದನ್ನು ಸಾಬ್ರಿಗೆ ಹೇಳಿದಾಗ ಅವರು ಕುದ್ದುಹೋದರು. "ಅರೆ! ನಾವು ಕಂಡುಹಿಡಿದ ಕೈಚಳಕ ದುನಿಯಾಕ್ಕೆ ಹಂಚಾದಾ? ಖುಲ್ಲಂಖುಲ್ಲಾ? ಇಷ್ಟ್ ವರ್ಷ ಬೀರುವಿಗೆ ಬೀಗ ಹಾಕಿದ್ದು ಯಾತಕ್ಕೆ?"

ಸಾಬ್ರ ಭಯ ನನ್ನ ಭಯವೂ ಆಗಿತ್ತು, ನಾನೂ ಗ್ರಾಫ್ ಸುತ್ತಿಟ್ಟುಕೊಂಡೇ ಬೆಳೆದವಳು. ಆದರೆ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದಂತೆ ನನಗೇ ಸ್ಪಷ್ಟವಾಯಿತು. "ಸಾಬ್ರೇ, ನವಿಲು ಕೊಡ್ತೀನಿ ಅಂತ ನಾನೆಲ್ಲಿ ಹೇಳ್ದೆ? ಬೆಟ್ಟ ಕೊಡಲ್ಲ, ಲಕ್ಷ್ಮೀದೇವಮ್ಮನ ಕಥೆ ಕೊಡಲ್ಲ, ಲಾಳಿ ಆಟ ಕೊಡಲ್ಲ. ಅದೆಲ್ಲಾ ಸೀರೆ, ನಮ್ದು. ಎಂಜಿನ್ನು ಮಗ್ಗ ಸಾಬ್ರೇ. ಕಾಲು ಇಳಿಬಿಡಾ ಗುಂಡಿ ಎಷ್ಟ್ ಆಳ ತೋಡ್ಬೇಕು, ಹಗ್ಗ ಎಲ್ಲಿ ಕಟ್ಬೇಕು ಅನ್ನಾದನ್ನ ಮೊಳಕಾಲ್ಮೂರಿನಾಗೆ ಯಾರಾದ್ರೂ ಮುಚ್ಚಿಟ್ಟಿದ್ದು ನೋಡಿದೀರಾ? ಮಗ್ಗ ಮುರಿದ್ರೆ ಪಕ್ಕದ ಮನಿಯೋನೇ ಬಂದು ಕಟ್ಟಿಕೊಡ್ತಾನೆ. ಅವನ ಸೀರೆ ಬ್ಯಾರೆ, ನಮ್ ಸೀರೆ ಬ್ಯಾರೆ."

ಸಾಬ್ರು ಗಡ್ಡ ಕೆರೆದರು, ಚಾ ತರಿಸಿ ಕುಡಿದರು. "ಆಯ್ತು. ಮಗ್ಗ ಕೊಡು. ಸೀರೆ ಹೊರಗೆ ಹೋತೋ, ಜೋಕೆ" ಎಂದು ಎದ್ದುಹೋದರು. ಗೇಮ್ ಮಾಡಲು ಹೊರಟವರು ಈ ಮಾತನ್ನು ತಲೆಯಲ್ಲಿಟ್ಟುಕೊಳ್ಳಿ. ಹೀಗೆ ಒಳಗನ್ನು ಬಿಚ್ಚಿಟ್ಟ ಮುಕ್ತ ಎಂಜಿನ್ ಹಿಡಿದರೆ ನಮ್ಮ ಆಟವನ್ನೂ ಊರಿಗೆ ಹಂಚಬೇಕಾಗುತ್ತದೆ ಎಂದು ಹೆದರಿಸುವವರು ಇಂದೂ ಇದ್ದಾರೆ. ನಮ್ಮ ಎಂಜಿನ್ನಿನ ಲೈಸೆನ್ಸಿನಲ್ಲಿ ಅಂಥ ಶರತ್ತಿಲ್ಲ. ನೀವು ಹಿಡಿಯುವುದರದ್ದನ್ನೂ ಒಮ್ಮೆ ಓದಿಕೊಳ್ಳಿ, ಬೇರೆಯವರ ಬಾಯಿಮಾತನ್ನು ನಂಬಬೇಡಿ.

ಪಾಲಯ್ಯ ಕಳಿಸಿದ. ಕಳಿಸಿದ್ದನ್ನು ಅಲ್ಲಿ ಪರೀಕ್ಷೆಗೆ ಹಾಕುತ್ತಾರೆ. ನಮ್ಮದು ಹಾಕಿದ ಕೂಡಲೇ ಪರದೆಯ ತುಂಬ ಕೆಂಪು ಗುರುತು. ನಾವು ಎಣಿಕೆಯ ಬುಡವನ್ನೇ ತಿರುಗಿಸಿದ್ದರಿಂದ ಜಗತ್ತಿನ ಮಿಕ್ಕವರ ಆಟಗಳೆಲ್ಲ ತಲೆಕೆಳಗಾಗುತ್ತಿದ್ದವು! ನಮ್ಮ ಕುರಿಗಳಿಗೆ ಆದದ್ದನ್ನೇ ನಾವು ಎಲ್ಲರ ಕುರಿಗಳಿಗೂ ಮಾಡಹೊರಟಿದ್ದೆವು. ನಾಚಿಕೆಯಾಯಿತು, ನಗುವೂ ಬಂತು. ಪರಿಶೀಲಿಸುವವರಲ್ಲಿ ಯಾವುದೋ ಚಳಿ ದೇಶದ ಹೆಂಗಸೊಬ್ಬರಿದ್ದರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರು ಮರ್ಯಾದೆಯಿಂದಲೇ ಬರೆದಿದ್ದರು: ಇದು ಎಲ್ಲರನ್ನೂ ಕೆಡಿಸುತ್ತದೆ. ಅದಿರಲಿ, ಕೆಳಗಿನಿಂದ ಎಣಿಸುವ ಅಗತ್ಯವೇನು? ಚಿತ್ರವನ್ನೇ ತಿರುಗಿಸಿಕೊಂಡರೆ ಆಗದೇ?

"ನೋಡ್ದಾ ಅಕ್ಕಾ, ತಿರುಗಿಸ್ಕಳ್ರಿ ಅಂತಾರೆ. ಬಿಟ್ಟಾಕು" ಎಂದ ಪಾಲಯ್ಯ. ಅವನ ಮುಖ ಬಾಡಿತ್ತು. ಅವನೂ ನಾಯಕನಹಟ್ಟಿಯ ಅಂಗಡಿ ಮುಚ್ಚಿ ಬಂದವನು.

ನನಗೆ ಕೆಂಡ ಕಾರುವಷ್ಟು ಸಿಟ್ಟು ಬಂತು. "ಬಿಟ್ಟಾಕಾದಾ? ನಡಿ ಮೊಳಕಾಲ್ಮೂರಿಗೆ" ಎಂದು ಅವನನ್ನು ಎಳೆದುಕೊಂಡು ಬಸ್ಸು ಹತ್ತಿದೆ. ಲಕ್ಷ್ಮೀದೇವಮ್ಮ ಆಗಷ್ಟೇ ಹೊಸ ಸೀರೆ ಹಿಡಿದಿದ್ದರು. ಗಿಡದ ಬುಟ್ಟಾ ಶುರುವಾಗಿತ್ತು. ಬೇರಿನ ನೇಯ್ಗೆ ಮುಗಿದಿತ್ತು, ಕಾಂಡ ಏಳುತ್ತಿತ್ತು, ಎಲೆ ಇನ್ನೂ ಇರಲಿಲ್ಲ. ಪಾಲಯ್ಯ ಮೊಬೈಲ್ ಹಿಡಿದ. ನಾನು ಮಗ್ಗದ ಪಕ್ಕ ಕೂತು, ನನಗೆ ಬರುವ ಹರುಕುಮುರುಕು ಇಂಗ್ಲಿಷಿನಲ್ಲಿ ಬೆರಳಿಟ್ಟು ತೋರಿಸಿದೆ. ಇದು ಮೊದಲನೆಯ ಸಾಲು, ಇದು ಎರಡನೆಯದು. ಆಮೇಲೆ ನೇಯದ ಬರಿ ಎಳೆಗಳ ಕಡೆ ಕೈ ತೋರಿಸಿ ಕೇಳಿದೆ: ಮೇಡಂ, ಮೇಲಿನ ತುದಿ ಇನ್ನೂ ಹುಟ್ಟಿಲ್ಲ. ಹುಟ್ಟದ ತುದಿಯಿಂದ ನಾನು ಹೇಗೆ ಎಣಿಸಲಿ? ಮುಗಿದ ಚಿತ್ರವನ್ನು ತಿರುಗಿಸಬಹುದು. ಬೆಳೆಯುತ್ತಿರುವುದನ್ನು ತಿರುಗಿಸುವುದು ಹೇಗೆ?

ಲಕ್ಷ್ಮೀದೇವಮ್ಮನಿಗೆ ಇಷ್ಟೆಲ್ಲ ಗಡಿಬಿಡಿ ಯಾಕೆಂದು ಅರ್ಥವಾಗಲಿಲ್ಲ. "ಆ ಯಮ್ಮ ಎಲ್ಲಿಂದ ಎಣಿಸ್ತಾಳಂತೆ?" ಎಂದು ಕೇಳಿದರು. ಮೇಲಿನಿಂದ ಎಂದೆ. "ಪಾಪ, ಅಲ್ಲಿ ಏನೈತಂತ ಎಣಿಸ್ತಾಳೆ!" ಎಂದು ಲಾಳಿ ಓಡಿಸಿದರು. ಆ ಮಾತೂ ವಿಡಿಯೋದಲ್ಲಿ ಉಳಿಯಿತು. ಪಾಲಯ್ಯ ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಕಳಿಸಿಬಿಟ್ಟ, ತುಂಟ.

ಮೇಡಂ ಅವರಿಂದ ಬಂದ ಉತ್ತರವನ್ನು ಓದಿದಾಗ ನಾನು ಮತ್ತೆ ಕುರ್ಚಿಯಿಂದ ಎದ್ದೆ. ನಿಮ್ಮ ಬೇಡಿಕೆ ನನಗೆ ಈಗ ಅರ್ಥವಾಯಿತು, ಬೆಳೆಯುವ ನೆಲದ ಎಣಿಕೆಯನ್ನು ನಾವು ಯೋಚಿಸಿಯೇ ಇರಲಿಲ್ಲ, ಹಿರಿಯಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಎಂದಿದ್ದರು. ಅದರ ಜೊತೆಗೆ ಕೆಲಸವನ್ನೂ ಹೇಳಿದ್ದರು. ಬುಡವನ್ನು ಮುಟ್ಟಬೇಡಿ. ಚೌಕಗಳನ್ನು ತುಂಬುವ ಜಾಗದಲ್ಲಿ ಮಾತ್ರ ಒಂದು ಆಯ್ಕೆ ಇಡಿ. ಬೇಕಾದವರು ಒತ್ತಿಕೊಳ್ಳಲಿ, ಬೇಡವಾದವರಿಗೆ ಅದು ಇದೆ ಎಂಬುದೂ ತಿಳಿಯದಿರಲಿ.

ಹೇಳುವುದು ಸುಲಭ. ಪಾಲಯ್ಯ ಬರೆದದ್ದನ್ನೆಲ್ಲ ಹರಿದು ಮತ್ತೆ ಬರೆದ. ಕಳಿಸಿದರೆ ಇನ್ನೊಬ್ಬರು ಯಾರೋ ಇನ್ನೊಂದು ತಪ್ಪು ತೋರಿಸುತ್ತಿದ್ದರು. ಒಮ್ಮೆ ಹೆಸರಿಟ್ಟ ರೀತಿ ಸರಿಯಿಲ್ಲ ಎಂದರು, ಒಮ್ಮೆ ಇದನ್ನು ಬಳಸುವುದು ಹೇಗೆಂದು ಬರೆದೇ ಇಲ್ಲವಲ್ಲ ಎಂದರು. ಸಂಬಳ ಕೊಡದ ಕೆಲಸಕ್ಕೆ ಇಷ್ಟು ಜನ ಯಜಮಾನರೇ ಎಂದು ನಾನು ಗೊಣಗಿದೆ. ಆದರೆ ಪ್ರತಿ ಸಲವೂ ಅದು ಚಿಕ್ಕದಾಗುತ್ತಾ, ಚೊಕ್ಕವಾಗುತ್ತಾ ಬಂತು. ಮೊದಲು ಕಳಿಸಿದ್ದನ್ನು ಈಗ ನೋಡಿದರೆ ನಮಗೇ ಹೇಸಿಗೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಚಪ್ಪಲಿ ಹಾಕಿಕೊಂಡು ಒಳಗೆ ನುಗ್ಗುವಂತಿಲ್ಲ ಎಂಬುದನ್ನು ನಾವು ಹೀಗೆ ಕಲಿತೆವು. ಬೈಗುಳ ಕೇಳಿಸಿಕೊಳ್ಳಲು ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯ ಕಾಲೇಜು ಇನ್ನೊಂದಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ನಾನು ಅಂಗಡಿಯ ಬಾಗಿಲು ದಾಟುವ ಮೊದಲೇ ಪಾಲಯ್ಯ ಬೀದಿಗೆ ಓಡಿಬಂದ. "ಅಕ್ಕಾ, ತಗಂಡ್ರು! ಸೇರಿಸ್ಕಂಡ್ರು ಅಕ್ಕಾ!" ಎದುರಿನ ಎಣ್ಣೆ ಅಂಗಡಿಯವರು ಯಾರಿಗೋ ಮಗು ಹುಟ್ಟಿತೆಂದು ತಿಳಿದು ನಮ್ಮ ಕಡೆ ನೋಡಿ ನಕ್ಕರು.

ಮುಂದಿನ ಆವೃತ್ತಿ ಬಂದ ದಿನ ಸಾಬ್ರು ಎಲ್ಲ ಕೆಲಸ ಬಿಟ್ಟು ನಮ್ಮ ಹಿಂದೆ ಬಂದು ನಿಂತರು. ನಾವು ತಿದ್ದಿಟ್ಟುಕೊಂಡಿದ್ದ ಹಳೆಯ ಎಂಜಿನ್ನನ್ನು ಮುಟ್ಟಲೇ ಇಲ್ಲ. ಊರಿಗೆಲ್ಲ ಸಿಗುವ ಎಂಜಿನ್ನನ್ನೇ ಇಳಿಸಿಕೊಂಡೆವು. ಪಾಲಯ್ಯ ಆ ಆಯ್ಕೆಯನ್ನು ಒತ್ತಿ 'ಲಾಳಿ'ಯನ್ನು ಓಡಿಸಿದ. ಬೆಟ್ಟದ ಬುಡ ನೇಯ್ದುಕೊಂಡಿತು. ಅದರ ಕೆಳಗೆ ಲಕ್ಷ್ಮೀದೇವಮ್ಮನ ಮಾತು ಕನ್ನಡದಲ್ಲಿ, ಒಂದೂ ಒತ್ತು ಕಳಚದೆ ಮೂಡಿತು. ಬೆಟ್ಟ ಏರುತ್ತಲೇ ಹೋಯಿತು. ಸಾಬ್ರು ಬಗ್ಗಿ ನೋಡಿ, "ಇದು ಈಗ ಎಲ್ಲರ ಎಂಜಿನ್ನಾಗೂ ಐತಾ?" ಎಂದು ಕೇಳಿದರು. ಐತೆ ಎಂದೆ. "ನಮ್ಮ ಚಳ್ಳಕೆರೆ ಅಂಗಡಿದು?" "ಹೂಂ ಸಾಬ್ರೇ." ಅವರು ಟೇಬಲ್ಲನ್ನು ಅಂಗೈಯಿಂದ ಒಮ್ಮೆ ಒರೆಸಿದರು. ಆ ಟೇಬಲ್ಲು ಇವತ್ತಿಗೂ ಅಲ್ಲೇ ಇದೆ, ಲಗ್ನಪತ್ರಿಕೆಯ ಪ್ರಿಂಟರಿಗೆ ಬೇರೆ ಜಾಗ ಹುಡುಕಿದರು.

ಅದಾದ ಮೇಲೂ ಎಷ್ಟೋ ಆಟ ಮಾಡಿದೆವು. ಭುಜದ ನೋವು ಹೆಚ್ಚಾಗಿ ಮೌಸ್ ಹಿಡಿಯಲಾಗದಾಗ ನಾನೇ ಸಾಕೆಂದೆ. ಪಾಲಯ್ಯ ಈಗ ಟೇಬಲ್ಲಿನ ಯಜಮಾನ. ನಾನು ಮನೆಯಲ್ಲಿ ಅವರೆಕಾಯಿ ಬಿಡಿಸಿಕೊಂಡು ಆರಾಮಾಗಿದ್ದೆ, ಮೊನ್ನೆಯವರೆಗೆ.

ಮೊನ್ನೆ ಅವನ ಫೋನು ಬಂತು. ನಮ್ಮ ಆಯ್ಕೆಯನ್ನು ಬಳಸುತ್ತಿರುವ ಯಾರೋ ಒಬ್ಬರು, ಯಾವ ದೇಶದವರೋ, ನಮ್ಮದಕ್ಕಿಂತ ಹರುಕು ಇಂಗ್ಲಿಷಿನಲ್ಲಿ ಬರೆದಿದ್ದಾರಂತೆ. ಅವರು ಬುಟ್ಟಿ ಹೆಣೆಯುವವರ ಮನೆಯವರು, ಬುಟ್ಟಿಯ ಆಟ ಮಾಡುತ್ತಿದ್ದಾರೆ. ಅವರ ಬುಟ್ಟಿ ಕೆಳಗಿನಿಂದಲೂ ಬೆಳೆಯುವುದಿಲ್ಲ, ಮೇಲಿನಿಂದಲೂ ಇಲ್ಲ, ನಡುವಿನಿಂದ ಬೆಳೆಯುತ್ತದೆ. ಹಾಗೆ ಎಣಿಸಲು ಬರುವಂತೆ ಮಾಡಬಹುದೇ ಎಂದು ಕೇಳಿದ್ದಾರೆ. ಮೇಡಂ ಅದನ್ನು ನಮಗೇ ದಾಟಿಸಿದ್ದರು, ಇದನ್ನು ಬಲ್ಲವರು ಇವರು ಎಂದು.

"ನಡುವಿನಿಂದ ಯಾರಾದ್ರೂ ಎಣಿಸ್ತಾರೇನೋ? ತಲೆ ನೆಟ್ಟಗೈತಾ ಅವ್ರಿಗೆ?" ಎಂದೆ ನಾನು.

ಫೋನಿನಲ್ಲಿ ಪಾಲಯ್ಯ ನಗಲು ಶುರು ಮಾಡಿದ. ನಿಲ್ಲಿಸಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನನಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

ಅವರೆಕಾಯಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದೆ. ಚಳ್ಳಕೆರೆಯಲ್ಲಿ ಬಿದಿರ ಬುಟ್ಟಿ ಹೆಣೆಯುವ ಗೌರಮ್ಮನನ್ನು ಸಂತೆಯಲ್ಲಿ ಎಷ್ಟೋ ವರ್ಷದಿಂದ ನೋಡಿದ್ದೆ, ಚೌಕಾಸಿ ಮಾಡಿದ್ದೆ, ಹೆಣೆಯುವುದನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ಆಕೆ ಮನೆಯ ಮುಂದೆ ಕೂತು ಬಿದಿರ ಸೀಳುಗಳನ್ನು ನಕ್ಷತ್ರದಂತೆ ಹಾಸಿ, ನಡುವನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ನಾನು ನೆಲದ ಮೇಲೇ ಕುಕ್ಕರಿಸಿದೆ.

"ಗೌರಮ್ಮಾ, ಇದರಾಗೆ ಮೊದಲನೇ ಸಾಲು ಯಾವ್ದು?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಾಲಾ? ಬುಟ್ಟಿಯಾಗೆ ಸಾಲು ಎಲ್ಲಿ ಬಂತಕ್ಕಾ? ಇದು ಸುತ್ತು."

ನಾನು ಅಲ್ಲೇ, ಆ ಬಿದಿರ ಸಿಬಿರಿನ ನಡುವೆಯೇ, ಪಾಲಯ್ಯನಿಗೆ ಫೋನು ಹಚ್ಚಿ ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಲೋ ಪಾಲಯ್ಯಾ, ಸಾಲಲ್ಲ ಕಣೋ, ಸುತ್ತು! ಮೊಬೈಲ್ ತಗಂಡು ಜಲ್ದಿ ಬಾ!"